ಲಲ್ಲಾ ಹದ್ದಾ ತೀರಿಕೊಂಡ ಶುಕ್ರವಾರ

ದರ್ಬ್ ಸುಲ್ತಾನ್, ಕಾಸಾಬ್ಲಾಂಕಾ
೧೪ ಮಾರ್ಚ್ ೨೦೧೯

ಮಗಳೇ ಇಟ್ಟೊ,

ನಿನಗೂ ನಿನ್ನ ಗಂಡನಿಗೂ ಸಲಾಂ. ಊಜ್ದಾದಲ್ಲಿ ಇನ್ನೂ ಚಳಿ ಬಿಟ್ಟಿಲ್ಲವಂತೆ, ಶಾಲೆಗೆ ಪಾಠ ಹೇಳಲು ಹೋಗುವಾಗ ಕಿವಿ ಮುಚ್ಚಿಕೊಂಡು ಹೋಗು. ಈ ಪತ್ರವನ್ನು ಆವತ್ತಿನ ಮರುದಿನವೇ ಬರೆಯಬೇಕಿತ್ತು. ಕೈ ನಡುಗುತ್ತಿತ್ತು ಎಂದು ಸುಳ್ಳು ಹೇಳಬಹುದು, ಮುದುಕರ ಕೈ ನಡುಗಿದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ನಿಜವೆಂದರೆ ಏನು ಬರೆಯಬೇಕೆಂದು ತೋಚಲಿಲ್ಲ. ಅಮ್ಮನ ಹೆಣ ಹೊರಟ ದಿನ ಬಾಗಿಲಲ್ಲಿ ನಿಂತು, "ನಿನ್ನನ್ನ ನಾನು ಕ್ಷಮಿಸಲ್ಲ ಅಪ್ಪಾ" ಅಂದವಳು ನೀನು. ಆಮೇಲೆ ನನ್ನ ಫೋನು ಎತ್ತಲಿಲ್ಲ. ಪತ್ರವನ್ನಾದರೂ ಒಡೆದು ಓದುತ್ತೀ ಎಂಬ ಆಸೆ ನನ್ನದು.

ಈ ತಿಂಗಳ ಮೊದಲ ಶುಕ್ರವಾರ ನಾನು ಸತ್ತೆನೆಂಬ ಸುದ್ದಿ ನಿನಗೂ ತಲುಪಿತು. ಆ ದಿನ ನೀನು ಮಾಡಿದ ಫೋನಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಧೈರ್ಯ ಉಳಿದಿದ್ದರೆ.

ಯಾವನೋ ಪುಣ್ಯಾತ್ಮ ಫೇಸ್‌ಬುಕ್ಕಿನಲ್ಲಿ ಹಾಕಿದ: "ಹಿರಿಯ ನಟ ಮಿಲೂದಿ ಇನ್ನಿಲ್ಲ." ನಮ್ಮ ದೇಶದಲ್ಲಿ ನಟನಾದವನು ಸಾಯುವ ಮೊದಲು ಒಂದೆರಡು ಸಲವಾದರೂ ಹೀಗೆ ಸಾಯಲೇಬೇಕು, ಅದು ನಮಗೆ ಕೊಡುವ ಬಿರುದು. ನನಗೆ ಸಿಟ್ಟು ಬಂದದ್ದು ಸುದ್ದಿಗಲ್ಲ, ಫೋಟೋಕ್ಕೆ. ತಲೆಗೆ ವಸ್ತ್ರ ಸುತ್ತಿ, ಅದರ ಅಂಚಿನಿಂದ ಬಾಯಿ ಮುಚ್ಚಿಕೊಂಡ, ಲಲ್ಲಾ ಹದ್ದಾಳ ವೇಷದಲ್ಲಿದ್ದ ನನ್ನ ಫೋಟೋ. ನಾನು ಮುನಿಸಿಪಲ್ ರಂಗಮಂದಿರದಲ್ಲಿ ಕುರುಡು ರಾಜನಾದೆ, ನ್ಯಾಯಾಧೀಶನಾದೆ. ಕಿತ್ತುಹೋದ ಬಸ್ಸಿನಲ್ಲಿ ಪರದೆ ಹೇರಿಕೊಂಡು ಸಾಫಿ, ಖುರೀಬ್ಗಾ ಎಲ್ಲ ಸುತ್ತಿದೆ. ನೋಡಿದವರು ನಾಲ್ಕು ಜನ, ಅವರಲ್ಲೊಬ್ಬ ಕಾವಲುಗಾರ. ವರ್ಜಾಜಾತ್‌ನಲ್ಲಿ ಪರದೇಶದವರ ಸಿನಿಮಾಗಳಿಗಾಗಿ ಈಟಿ ತಿವಿಸಿಕೊಂಡು ಸತ್ತೆ, ನೇಣಿಗೆ ಸತ್ತೆ, ಸೊಂಟಕ್ಕೆ ಬಾಂಬು ಕಟ್ಟಿಕೊಂಡು ಸತ್ತೆ. ಒಂದರಲ್ಲೂ ಒಂದು ಮಾತು ಕೊಡಲಿಲ್ಲ. "ನೀವು ತುಂಬಾ ಚೆನ್ನಾಗಿ ಸಾಯ್ತೀರಿ" ಎಂದು ಅಲ್ಲಿನ ಸಹಾಯಕನೊಬ್ಬ ಬೆನ್ನು ತಟ್ಟಿದ್ದ. ಜನರ ಲೆಕ್ಕಕ್ಕೆ ಇದ್ಯಾವುದೂ ಬರಲಿಲ್ಲ, ಹದ್ದಾ ಒಬ್ಬಳೇ ಬಂದಳು.

ಹದ್ದಾ ಯಾರೆಂದು ನಿನಗೆ ನಾನು ಹೇಳಬೇಕೇ? ರಂಜಾನಿನ ಧಾರಾವಾಹಿಗೆ ಬೆಟ್ಟದಿಂದ ಪೇಟೆಗೆ ಬಂದ ಹೆಂಗಸೊಬ್ಬಳು ಬೇಕು ಅಂದರು. ಸೀರಿಯಲ್ ಶುರುವಾಗಲು ತಿಂಗಳೂ ಉಳಿದಿರಲಿಲ್ಲ. ಬರೆದವನು ಎರಡು ಹಾಳೆ ಕೊಟ್ಟು, "ಉಳಿದದ್ದು ನೀವೇ ನೋಡ್ಕೊಳ್ಳಿ" ಅಂದ. ಮಾತು ಎಲ್ಲಿಂದ ತರಲಿ? ಮನೆಯಲ್ಲಿತ್ತು. ನಿನ್ನ ಅಮ್ಮನ ತೊಡರುವ ಅರಬ್ಬಿ, ವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಳ್ಳುವ ರೀತಿ, ಅಂಗಡಿಯಲ್ಲಿ ಏನು ಕೇಳುವ ಮೊದಲೂ "ನಗಬ್ಯಾಡಿ ಮತ್ತೆ" ಎನ್ನುವ ಆ ಅಂಜಿಕೆ, ಎಲ್ಲವನ್ನೂ ತೆಗೆದುಕೊಂಡೆ. ಉಪವಾಸ ಬಿಟ್ಟು ಹರೀರಾ ಸಾರಿನ ಬಟ್ಟಲು ಹಿಡಿದು ಕೂತ ಇಡೀ ದೇಶ ಬಿದ್ದು ಬಿದ್ದು ನಕ್ಕಿತು. ಆರು ರಂಜಾನ್ ನಕ್ಕಿತು.

ಮೊದಲ ದಿನ ನಿನ್ನ ಅಮ್ಮ ಫಾದ್ಮಾಳೂ ನಕ್ಕಳು. ನೀನು ಅದನ್ನು ಮರೆತಿದ್ದೀ. ನಿನಗೆ ನೆನಪಿರುವುದು ಆಮೇಲಿನದು: ರೊಟ್ಟಿ ಹಿಟ್ಟಿನ ಹಲಗೆ ಹೊತ್ತು ಬೀದಿಯ ಒಲೆಗೆ ಹೋದವಳಿಗೆ ಓಣಿಯ ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು "ನಗಬ್ಯಾಡಿ ಮತ್ತೆ!" ಎಂದು ಕೂಗಿದ್ದು. ಅವಳು ಒಲೆಗೆ ಹೋಗುವುದನ್ನು ಬಿಟ್ಟಳು, ಸ್ನಾನಕ್ಕೆ ಹಮ್ಮಾಮಿಗೆ ಹೋಗುವುದನ್ನು ಬಿಟ್ಟಳು, ಕೊನೆಗೆ ಅರಬ್ಬಿಯನ್ನೇ ಬಿಟ್ಟಳು. ನನಗೆ ಅರ್ಥವಾಗದ ಅವಳ ಬೆಟ್ಟದ ಮಾತಿನಲ್ಲಿ ನಿನ್ನೊಬ್ಬಳ ಜೊತೆ ಮಾತಾಡುತ್ತಾ ತೀರಿಕೊಂಡಳು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂದೆ ನೀನು. ನಾನು ಅದನ್ನು ಒಪ್ಪಿಲ್ಲ, ಇವತ್ತೂ ಒಪ್ಪುವುದಿಲ್ಲ. ಪ್ರೀತಿಯಿಲ್ಲದವನು ಒಬ್ಬರನ್ನು ಅಷ್ಟು ನೋಡಿರಲಾರ.

ಇರಲಿ, ಶುಕ್ರವಾರದ ಸುದ್ದಿ ಹೇಳುತ್ತೇನೆ. ಶುಕ್ರವಾರವಾದ್ದರಿಂದ ಎಲ್ಲರ ಮನೆಯಲ್ಲೂ ಕುಸ್ಕುಸ್ ಬೆಂದಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅಕ್ಕಪಕ್ಕದವರು ತಟ್ಟೆ ತಟ್ಟೆಯಾಗಿ ಹೊತ್ತು ತಂದರು. ಬಾಗಿಲು ತೆರೆದವನು ನಾನೇ. ಪಕ್ಕದ ಮನೆಯ ಲಲ್ಲಾ ರ್‍ಹಿಮೂ, ಅದೇ ಕಿವಿ ಮಂದವಾದ ವಿಧವೆ, ಕಿರುಚಿ ತಟ್ಟೆಯನ್ನು ಎತ್ತಿಹಾಕಿದಳು. ಆಮೇಲೆ, "ಬದುಕಿದ್ರೂ ತಿನ್ನಲೇಬೇಕಲ್ಲ, ತಗೊಳ್ಳಿ" ಎಂದು ಇನ್ನೊಂದು ತಂದುಕೊಟ್ಟಳು.

ನನ್ನ ತಂಡದ ಹಳೆಯ ಗೆಳೆಯ ಬೂಶಾಯಿಬ್ ಮೆಟ್ಟಿಲಿನಿಂದಲೇ ಅಳುತ್ತಾ ಬಂದ. "ಅವನ ಮೇಲೆ ನನಗೇನೇ ಬಾಕಿ ಇದ್ರೂ ಮಾಫು, ಈ ಲೋಕದಲ್ಲೂ ಮಾಫು, ಆ ಲೋಕದಲ್ಲೂ ಮಾಫು!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಮಣ್ಣು ಮಾಡುವ ಮೊದಲು ಎಲ್ಲರೂ ಹೇಳಲೇಬೇಕಾದ ಮಾತು. ನನ್ನನ್ನು ಕಂಡವನೇ ಎದೆ ಹಿಡಿದುಕೊಂಡು ಬೈದ: "ಥೂ ನಿನ್ನ! ಸಾಯೋ ಪಾತ್ರನೂ ನೆಟ್ಟಗೆ ಮಾಡಕ್ಕೆ ಬರಲ್ವಲ್ಲೋ ನಿನಗೆ!" ಇಬ್ಬರೂ ನಕ್ಕೆವು, ಅವನು ಸ್ವಲ್ಪ ಹೊತ್ತು ಅತ್ತ.

ಗುರುತಿಲ್ಲದ ಹೆಂಗಸೊಬ್ಬಳು ಬೆರ್‍ರಶೀದಿನಿಂದ ಬಂದಿದ್ದಳು. ನನ್ನನ್ನು ನೋಡಿ ಖುಷಿಯಿಂದ ಕೈಗೆ ಮುತ್ತಿಟ್ಟಳು. "ಅಯ್ಯೋ, ನಮ್ಮ ಹದ್ದಾ ಬದುಕಿದಾಳೆ! ನಮ್ಮತ್ತೆ ಸಾಯೋ ಮುಂಚೆ ಅವಳನ್ನ ನೋಡೇ ನಗ್ತಿದ್ರು. ಒಂದ್ಸಲ ಆ ಮಾತು ಹೇಳಿ ಚಿಕ್ಕಪ್ಪಾ, ಒಂದೇ ಒಂದ್ಸಲ." ಜನ ಸುತ್ತ ನಿಂತಿದ್ದರು. ನಾನು ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದದ್ದು ಹದ್ದಾಳ ದನಿಯಲ್ಲ, ಫಾದ್ಮಾಳದು. ಹಾಸಿಗೆ ಹಿಡಿದ ಮೇಲೆ ಒಮ್ಮೆ ನೀರು ಕೇಳಲು ನನ್ನ ಕಡೆ ತಿರುಗಿ, ಏನನ್ನೂ ಕೇಳದೆ ಮತ್ತೆ ಗೋಡೆಗೆ ಮುಖ ಮಾಡಿದ ಫಾದ್ಮಾಳದು. ನನಗೆ ಹೇಳಲಾಗಲಿಲ್ಲ, ಅಳು ಬಂತು. ಅದನ್ನೂ ನಟನೆ ಅಂದುಕೊಂಡು ಅವರು ಚಪ್ಪಾಳೆ ತಟ್ಟಿದರು.

ಇಲ್ಲಿ ಬೇರೆ ವಿಶೇಷವಿಲ್ಲ. ಮಂಡಿ ನೋವು ಹಾಗೇ ಇದೆ. ಈ ಸಲದ ರಂಜಾನಿಗೆ ನನ್ನನ್ನು ಯಾರೂ ಕರೆದಿಲ್ಲ. ಅಮ್ಮನ ಗೋರಿಗೆ ಶುಕ್ರವಾರ ಹೋಗಿ ನೀರು ಚಿಮುಕಿಸಿ ಬರುತ್ತೇನೆ. ನಿನ್ನ ಬಸಿರಿನ ವಿಷಯ ಬೂಶಾಯಿಬನ ಹೆಂಡತಿಯಿಂದ ತಿಳಿಯಿತು. ಹುಟ್ಟುವ ಕೂಸಿಗೆ ಎರಡೂ ಭಾಷೆ ಬರಲಿ, ಯಾವುದನ್ನು ಆಡಿದರೂ ಯಾರೂ ನಗದಿರಲಿ. ನೀನು ಬೇಡವೆಂದರೂ ತಂದೆಯ ಆಶೀರ್ವಾದ ನಿನ್ನ ತಲೆಯ ಮೇಲಿರುತ್ತದೆ, ಅದನ್ನು ತಡೆಯಲು ನಿನಗೂ ಆಗದು.

ನಿನ್ನ ಅಪ್ಪ,
ಮಿಲೂದಿ

ತಾ.ಕ.: ಫೋನಿನ ವಿಷಯ ಬರೆಯದೇ ಮುಗಿಸೋಣವೆಂದಿದ್ದೆ. ನೀನು ಮಾಡಿದಾಗ ಎತ್ತಿದವಳು ರ್‍ಹಿಮೂ. ಅವಳಿಗೆ ಕಿವಿ ಕೇಳದು, ಸ್ಪೀಕರ್ ಹಾಕಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ನೀನು ಅಳುತ್ತಾ, "ಅಪ್ಪಂಗೆ ಮಾಫ್ ಮಾಡಿದೀನಿ ಅಂತ ಹೇಳಿ, ಅಮ್ಮನ ಪರವಾಗೂ ಮಾಡಿದೀನಿ, ಮಣ್ಣು ಮಾಡೋ ಮುಂಚೆ ಅವರ ಕಿವೀಲಿ ಹೇಳಿ" ಅಂದೆ. ನನಗೆ ತಡೆಯಲಾಗಲಿಲ್ಲ. ಫೋನು ಕಿತ್ತುಕೊಂಡು, "ಮಗಳೇ, ನಾನಿದೀನಿ ಕಣೇ, ನಾನೇ ಕೇಳಿಸ್ಕೊಂಡೆ" ಅಂದೆ. ನೀನು ಅಳು ನಿಲ್ಲಿಸಿದೆ. ಆಮೇಲೆ, "ಇದೂ ನಾಟಕನಾ ಅಪ್ಪಾ?" ಎಂದು ಕೇಳಿ ಇಟ್ಟುಬಿಟ್ಟೆ. ಅಲ್ಲಾಹನಾಣೆ, ಆ ಸುದ್ದಿ ಹಬ್ಬಿಸಿದವನು ನಾನಲ್ಲ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಮುಂದಿನ ಸಲ ಸುದ್ದಿ ಬಂದಾಗ ಮತ್ತೆ ಫೋನು ಮಾಡು ಮಗಳೇ, ಅದೇ ಮಾತು ಹೇಳು. ನಾನು ಬಾಯಿ ಬಿಡುವುದಿಲ್ಲ.