ಹನ್ನೊಂದು ಗಂಟೆಯ ಚೀಟಿ

ಖುರ್ಷೀದ ಆಪಾ, ನಿಮಗೆ ಸಲಾಂ.

ಹರಿದು ಹಾಕುವ ಮೊದಲು ಓದಿ, ಓದಿದ ಮೇಲೆ ಬೇಕಾದರೆ ಹರಿಯಿರಿ. ಫೋನು ಮಾಡೋಣವೆಂದರೆ ನೀವು ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ. ಸರಿಯಾಗೇ ಮಾಡಿದ್ದೀರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಶಾಪ ಹಾಕಿ ಆಮೇಲೆ ಬ್ಲಾಕ್ ಮಾಡುತ್ತಿದ್ದೆ. ಶಾಲೆ ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು, ಅಕ್ಷರ ನೋಡಿ ನಗಬೇಡಿ.

ನಿಮಗೆ ಗೊತ್ತಿದ್ದದ್ದನ್ನೇ ಮೊದಲಿನಿಂದ ಹೇಳುತ್ತೇನೆ. ತಪ್ಪು ಮಾಡಿದವರು ಮೊದಲಿನಿಂದಲೇ ಹೇಳಬೇಕು ಅಂತ ನಮ್ಮವ್ವ ಅನ್ನುತ್ತಾಳೆ. ಶಹಾಪುರದ ನಮ್ಮ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ನೀವು ಹತ್ತೊಂಬತ್ತು ವರ್ಷ ಕೂತವರು. ನಾನು ಎರಡು ವರ್ಷದ ಹಿಂದೆ ಬಂದ ಕಂಪ್ಯೂಟರ್ ಹುಡುಗಿ. ದಸರೆಯ ಹೊತ್ತಿಗೆ ಚೀಟಿಗೆ ನಿಂತವರ ಪಾಳಿ ರಸ್ತೆಗೆ ಮುಟ್ಟತೊಡಗಿದಾಗ, ಯಾಕೆ ಹೀಗೆ ನೋಡು ಎಂದು ನಮ್ಮ ಹಿರಿಯ ಅಧಿಕಾರಿ ಮಲ್ಕಪ್ಪ ಡಾಕ್ಟರು ನನಗೆ ಹೇಳಿದರು. ನಾನು ಸರ್ವರಿನ ದಾಖಲೆ ತೆಗೆದೆ. ಹನ್ನೊಂದಕ್ಕೆ ಬಂದವರ ಹೆಸರು ನೀವು ಮಧ್ಯಾಹ್ನ ಎರಡಕ್ಕೆ ಹಾಕಿದ್ದಿರಿ. ಎಲಾ ಇವರ, ಮೂರು ತಾಸು! ಒಂದೇ ಸಾಲಿನ ವರದಿ ಬರೆದೆ: ಯಂತ್ರ ಸರಿಯಿದೆ, ಕೈ ನಿಧಾನ. ಆ ಸಾಲು ನಿಮ್ಮನ್ನು ಎತ್ತಿ ಸುರಪುರದ ಶಾಖೆಯ ಹಳೇ ಕಡತದ ಕೋಣೆಗೆ ಹಾಕಿತು.

ಹೋಗುವ ದಿನ ನೀವು ನನ್ನ ಬಾಗಿಲಿಗೆ ಬಂದು ಅಂದಿರಿ, "ನನ್ನ ಕೈ ನಿಧಾನ ಆಗಿಲ್ಲ ಬೇಟಿ. ಹನ್ನೊಂದಾದ ಮ್ಯಾಲೆ ಮಶೀನೇ ನಿಂದರತದ. ಹನ್ನೊಂದಕ್ಕ ಏನಾಗ್ತದ, ಅದನ್ನ ನೋಡು." ನಾನು ಪರದೆಯಿಂದ ಕಣ್ಣು ಎತ್ತಲಿಲ್ಲ. ಆಪಾ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಿಮ್ಮ ಕುರ್ಚಿಗೆ ದೇವು ಬಂದ. ಅವನ ಬೆರಳು ಬಲು ಚುರುಕು, ನಾಲಿಗೆ ಇನ್ನೂ ಚುರುಕು. ಮೊದಲ ದಿನವೇ ಹನ್ನೊಂದಕ್ಕೆ ಪಾಳಿ ನಿಂತಿತು. "ಮೇಡಂ, ನನ್ನ ಬಟ್ಟು ಓಡ್ಲಿಕತ್ತಾವ್ರಿ, ನಿಮ್ಮ ಮಶೀನೇ ಕುಂತದ," ಅಂದ. ಆಗ ನಾನು ನೀವು ಹೇಳಿದ ಕಡೆ ನೋಡಿದೆ. ಹನ್ನೊಂದಕ್ಕೆ ಡಾಕ್ಟರುಗಳು ವಾರ್ಡ್ ಸುತ್ತು ಮುಗಿಸಿ ಬಂದು ಸ್ಕ್ಯಾನ್ ಚಿತ್ರಗಳನ್ನು ತೆರೆಯುತ್ತಾರೆ. ನಮ್ಮ ದೊಡ್ಡ ಸರ್ವರಿನ ಹೊಟ್ಟೆಯಲ್ಲಿ ಚೀಟಿಯ ಯಂತ್ರ ಬೇರೆ, ಸ್ಕ್ಯಾನಿನ ಯಂತ್ರ ಬೇರೆ, ಎರಡೂ ಸಾಫ್ಟ್‌ವೇರಿನವು. ಎರಡರ ಮಾಹಿತಿಯನ್ನೂ ಹೊರಗೆ ದಾಟಿಸುವ ಕೂಡುದಾರಿಯಂತೆ ಒಂದು ಸ್ವಿಚ್, ಅದೂ ಸಾಫ್ಟ್‌ವೇರಿನದೇ. ಅಲ್ಲಿಂದ ಹೊರಗೆ ಬರಲು ಒಂದೇ ಒಂದು ಕೇಬಲ್. ಹತ್ತಿ ತುಂಬಿದ ದೊಡ್ಡ ಅಂಡಿಗೆ ಹೊತ್ತವರು ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡರೆ ಕೈಚೀಲದವರು ಹತ್ತುವುದು ಹೇಗೆ? ಚಿತ್ರಗಳು ಅಂಡಿಗೆ, ನಿಮ್ಮ ಚೀಟಿ ಕೈಚೀಲ.

ಎರಡು ಕೆಲಸ ಮಾಡಬೇಕಿತ್ತು. ಇನ್ನೊಂದು ಕೇಬಲ್ ಹಾಕಿ ಎರಡನ್ನೂ ಜೋಡಿ ಮಾಡುವುದು, ಒಂದು ಕೈಕೊಟ್ಟರೆ ಇನ್ನೊಂದು ಎಳೆಯಲಿ ಅಂತ. ಆಮೇಲೆ ಸ್ಕ್ಯಾನ್ ಚಿತ್ರಗಳಿಗೆ ಮಾತ್ರ ವೇಗದ ಮಿತಿ ಕಟ್ಟುವುದು. ಇದಕ್ಕೆಲ್ಲ ಸರ್ವರ್ ನಿಲ್ಲಿಸಬೇಕು. ಬೇರೆ ಊರಿನವರು ನಡುರಾತ್ರಿ ಮಾಡುತ್ತಾರಂತೆ. ನಮಗೆ ಎಳ್ಳ ಅಮಾವಾಸ್ಯೆ ಇರುವಾಗ ನಿದ್ದೆ ಯಾಕೆ ಕೆಡಿಸಿಕೊಳ್ಳಬೇಕು? ಅವತ್ತು ಊರಿಗೆ ಊರೇ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ ಉಣ್ಣುತ್ತದೆ. ಕಾಯಿಲೆಯವರೂ ಬರುವುದಿಲ್ಲ! ಹಗಲಿನಲ್ಲೇ ಎಲ್ಲ ಮಾಡಿದೆ. ಒಂದು ಕೇಬಲ್ ಕಿತ್ತು ನೋಡಿದೆ, ಇನ್ನೊಂದು ಎಲ್ಲ ಭಾರ ಎಳೆಯಿತು. ನನ್ನ ಹೆಸರಿನಲ್ಲೇ ಒಂದು ಚೀಟಿ ತೆಗೆದೆ, ಚಿಟಿಕೆ ಹೊಡೆಯುವಷ್ಟರಲ್ಲಿ ಬಂತು. ಭೇಷ್ ಭಾಗ್ಯ ಅಂತ ನನಗೆ ನಾನೇ ಅಂದುಕೊಂಡು ಸಂಜೆ ಸಗರಕ್ಕೆ, ನಮ್ಮ ಹೊಲಕ್ಕೆ ಹೋದೆ. ಅವ್ವ ಕೇಳಿದಳು, "ಖುರ್ಷೀದ ಯಾಕ ಬರಲಿಲ್ಲ? ಹೋದ ವರ್ಸ ಬಂದಿದ್ಲಲ್ಲ." ರಜೆ ಸಿಗಲಿಲ್ಲವಂತೆ ಎಂದು ಸುಳ್ಳು ಹೇಳಿದೆ.

ಮರುದಿನ ನೋಡಿ ಮಜಾ. ಹೊಲದಲ್ಲಿ ಉಂಡು ಬಂದ ಊರೆಲ್ಲ ಹೊಟ್ಟೆ ಹಿಡಿದುಕೊಂಡು ಬೆಳಿಗ್ಗೆಯೇ ಆಸ್ಪತ್ರೆಗೆ ಬಂತು. ಹನ್ನೊಂದರವರೆಗೂ ಕಾಯಲಿಲ್ಲ ನನ್ನ ಪುಣ್ಯ, ಒಂಬತ್ತೂವರೆಗೇ ಎಲ್ಲ ನಿಂತಿತು. ಮಿತಿಯನ್ನು ಸ್ಕ್ಯಾನಿಗಷ್ಟೇ ಕಟ್ಟಬೇಕಾದ ಜಾಣೆ ಇಡೀ ಸ್ವಿಚ್ಚಿಗೇ ಕಟ್ಟಿದ್ದೆ, ಮೇಲೆ ವೇಗದ ಅಂಕಿಯಲ್ಲಿ ಮೂರು ಸೊನ್ನೆ ಬೇರೆ ಬರೆಯದೆ ಬಿಟ್ಟಿದ್ದೆ. ಖಾಲಿ ಊರಲ್ಲಿ ಒಂದು ಚೀಟಿ ಓಡಿತೆಂದು ಜಂಬಪಟ್ಟವಳಿಗೆ ಮುನ್ನೂರು ಜನ ಒಟ್ಟಿಗೆ ಬುದ್ಧಿ ಕಲಿಸಿದರು. ದೇವು ಕೈಕಟ್ಟಿ ಕೂತ. ಆಗ ಶಿರವಾಳದ ಮುದುಕಿ ಮಲ್ಲಾಬಾಯಿ, ಅದೇ ಸಕ್ಕರೆ ಕಾಯಿಲೆಯಾಕೆ, ಕಿಟಕಿಗೆ ಬಂದು ಬೈದಳು: "ಖುರ್ಷೀದ ಬೇಗಮ್ಮ ಇದ್ದಾಗ ಮಶೀನ ನಿಂತ್ರ ಕೈಲೇ ಬರಕೊಡ್ತಿದ್ಲು. ತನ್ನ ಊಟದ ಹೊತ್ತಿನ್ಯಾಗ ಕುಂತು ಮಶೀನಿಗಿ ಹಾಕ್ತಿದ್ಲು. ನೀವ್ಯಾಕ ಕೈ ಕಟ್ಟಿ ಕುಂತೀರಿ?"

ಆಪಾ, ಎರಡು ಗಂಟೆಯ ದಾಖಲೆ! ಅದು ನೀವು ತಡ ಮಾಡಿದ್ದಲ್ಲ, ಊಟ ಬಿಟ್ಟದ್ದು. ಸ್ವಿಚ್ ಸರಿಪಡಿಸಲು ಹತ್ತು ನಿಮಿಷ ಹಿಡಿಯಿತು. ಬಿಟ್ಟಿದ್ದ ಮೂರು ಸೊನ್ನೆ ಸೇರಿಸಿದೆ, ಮಿತಿಯನ್ನು ಸ್ಕ್ಯಾನಿಗೆ ಮಾತ್ರ ಕಟ್ಟಿದೆ, ಪಾಳಿ ಸರಸರ ಕರಗಿತು. ಆಮೇಲೆ ಕೌಂಟರಿನ ಕೆಳಗಿನ ಖಾನೆ ತೆಗೆದು ನೋಡಿದರೆ, ನೀವು ಕೈಯಲ್ಲಿ ಬರೆದುಕೊಟ್ಟ ಚೀಟಿಗಳ ನಮ್ಮ ಕಡೆ ಉಳಿಯುವ ಅರ್ಧಗಳು ಕಟ್ಟುಕಟ್ಟಾಗಿ, ತಾರೀಖಿನ ಸಮೇತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಮುಂದಿನವಳು. ನೆಲವನ್ನು ನಾನೇ ಡೊಂಕು ಇಟ್ಟು, ಅದರ ಮೇಲೂ ಕುಣಿದ ನಿಮಗೆ ಹೆಸರಿಟ್ಟೆ.

ಆ ಕಟ್ಟುಗಳನ್ನು ಮಲ್ಕಪ್ಪ ಡಾಕ್ಟರ ಮೇಜಿನ ಮೇಲಿಟ್ಟು ಎಲ್ಲ ಒಪ್ಪಿಕೊಂಡೆ. ಹೊಸ ವರದಿಯನ್ನು ಸಿಬ್ಬಂದಿಯೆಲ್ಲರ ಮುಂದೆ ಓದಿದೆ: ಕೈ ಸರಿಯಿತ್ತು, ನನ್ನ ದಾರಿ ಇಕ್ಕಟ್ಟಾಗಿತ್ತು. ದೇವು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ, ಅವನನ್ನು ಔಷಧದ ಕೌಂಟರಿಗೆ ಹಾಕುತ್ತಾರಂತೆ, ಅದಕ್ಕೆ. ಡಾಕ್ಟರು ಅಂದರು, "ಸೋಮವಾರದಿಂದ ಆಕಿ ಕುರ್ಚಿ ಆಕಿಗೇ. ಆದ್ರ ಆರ್ಡರ್ ನಾ ಈಗ ಕಳಸಂಗಿಲ್ಲ. ಮೊದಲು ನೀ ಹೋಗಿ ಮಾಫಿ ಕೇಳು. ಆಕಿ ಹ್ಞೂಂ ಅಂದ್ರ ಆರ್ಡರ್."

ಹೀಗಾಗಿ ನಿಮ್ಮ ಒಂದು ಹ್ಞೂಂ ಬೇಕಾಗಿದೆ. ತಪ್ಪಾಯಿತು ಆಪಾ. ಬಾಯಲ್ಲಿ ಹೇಳಹೋದರೆ ಅಳು ಬಂದು ಅರ್ಧಕ್ಕೇ ನಿಲ್ಲುತ್ತದೆಂದು ಬರೆದು ತಂದೆ. ತಂದೆ ಅಂದದ್ದು ಯಾಕೆಂದರೆ, ಇದನ್ನು ಅಂಚೆಗೆ ಹಾಕಿಲ್ಲ. ಸುರಪುರದ ಬಸ್ಸು ಹತ್ತಿ ನಾನೇ ತಂದು ನಿಮ್ಮ ಜವಾನ ದ್ಯಾವಪ್ಪನ ಕೈಯಲ್ಲಿ ಒಳಗೆ ಕಳಿಸಿದ್ದೇನೆ.

ದೇವರು ನಿಮ್ಮನ್ನು ನೂರು ಕಾಲ ತಣ್ಣಗಿಟ್ಟಿರಲಿ. ಇನ್ನು ತಲೆ ಎತ್ತಿ ಬಾಗಿಲ ಕಡೆ ನೋಡಿ. ಎಷ್ಟು ಬೇಕೋ ಅಷ್ಟು ಬೈಯಿರಿ, ನಿಧಾನವಾಗಿಯೇ ಬೈಯಿರಿ, ಸಂಜೆಯ ಬಸ್ಸಿನ ತನಕ ನಿಂತಿರುತ್ತೇನೆ.

ನಿಮ್ಮ ಎದುರಿಗೇ ನಿಂತಿರುವ,
ಭಾಗ್ಯ