ಏಳರ ಮೇಲೊಂದು

ಕಂಪೋಂಗ್, ಕ್ರಿಸ್ಮಸ್ ದ್ವೀಪ
ಆಗಸ್ಟ್ ೧೧, ಭಾನುವಾರ

ನನ್ನ ಮುದ್ದು ರೊಹಾಯಾ,

ಹೇಗಿದ್ದೀಯೇ? ಹಾಲು ಸರಿಯಾಗಿ ಬರುತ್ತಿದೆಯಾ? ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೋ, ಪರ್ತ್‌ನ ಚಳಿಯಲ್ಲಿ ತಲೆ ಒದ್ದೆ ಬಿಡಬೇಡ. ಮೊಮ್ಮಗಳ ಫೋಟೋ ನೋಡಿ ನೋಡಿ ಫೋನೇ ಸವೆದಿದೆ. ಮೂಗು ಮಾತ್ರ ನಿನ್ನ ಅತ್ತೆ ಸ್ಯೂ ಯಿನ್‌ದು. ಇರಲಿ, ಅದೂ ಚೆನ್ನಾಗಿಯೇ ಇದೆ. ಇವತ್ತಿನ ಸಂಗತಿ ಫೋನಿನಲ್ಲಿ ಹೇಳಹೊರಟರೆ ಅಳು ಬರುತ್ತದೆ, ಅದಕ್ಕೇ ಕಾಗದ. ಮಂಗಳವಾರ ವಿಮಾನ ಹತ್ತುವ ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತೇನೆ.

'ಅಜ್ಜಿಯರಿಬ್ರೂ ಒಟ್ಟಿಗೆ ಬರ್ದೆ ಮಗು ಕೂದ್ಲೂ ತೆಗ್ಸಲ್ಲ, ಹೆಸ್ರೂ ಇಡಲ್ಲ' ಅಂದೆಯಲ್ಲ, ಕೆಂಡದಂಥ ಕೋಪ ಬಂದಿತ್ತು. ಕೂದಲು ತೆಗೆಸಿ ಹೆಸರಿಡುವ ಏಳನೇ ದಿನ ನಿನ್ನೆ ಕಳೆದೇ ಹೋಯಿತು. ಆಕಾಶ ಏಳು, ಕಾಬಾಕ್ಕೆ ಸುತ್ತು ಏಳು, ಕೂಸಿನ ದಿನ ಏಳು. ಇದನ್ನು ತಪ್ಪಿಸುವುದುಂಟೇ ಎಂದು ಗೊಣಗಿದೆ. ಆದರೆ ತಪ್ಪು ನನ್ನದೇ. ನಿನ್ನ ಮದುವೆಯಲ್ಲಿ ಬೀಗರಿಂದ ಏಳು ತಟ್ಟೆ ಉಡುಗೊರೆ ತರಿಸಿ, ನಾವು ಒಂಬತ್ತು ಕೊಟ್ಟೆವು. ದೇವರು ಒಬ್ಬ, ಬೆಸವೆಂದರೆ ಅವನಿಗೆ ಪ್ರೀತಿ ಎಂದು ನನ್ನ ಅಪ್ಪ ಕಲಿಸಿದ್ದು. ಅವರ ಚೀನೀ ಮನೆಗಳಲ್ಲಿ ಬೆಸವೆಂದರೆ ಸಾವಿನ ಮನೆಗೆ, ಶುಭಕ್ಕೆ ಜೋಡಿಯೇ ಆಗಬೇಕು. ಗೊತ್ತಿದ್ದೂ ಹಟ ಹಿಡಿದೆ. ಮೂರು ವರ್ಷ ಬೀಗಿತ್ತಿ ನನ್ನ ಮುಖ ನೋಡಲಿಲ್ಲ.

ಇವತ್ತು ಬೆಳಗಿನ ನಮಾಜ್ ಮುಗಿಸಿ ಕುರಾನ್ ಓದುತ್ತಿದ್ದೆ. ಜೋಡಿಯ ಮೇಲೂ ಬೆಸದ ಮೇಲೂ ದೇವರು ಆಣೆಯಿಡುವ ಜಾಗ ಬಂತು. ಐವತ್ತು ವರ್ಷ ಓದಿದ್ದೇನೆ, ಅವನು ಜೋಡಿಯನ್ನೇ ಮೊದಲು ಹೇಳಿದ್ದಾನೆಂದು ಇವತ್ತು ಕಣ್ಣಿಗೆ ಬಿತ್ತು. ನಾಚಿಕೆಯಾಯಿತು ಮಗಳೇ. ಎದ್ದು ಆಲೂಗಡ್ಡೆ ಕರಿಪಫ್ ಕರಿದೆ, ಎಂಟು. ಏಳಕ್ಕೇ ಕೈ ನಿಲ್ಲುತ್ತಿತ್ತು. ಗುಡ್ಡ ಹತ್ತಿ ಸ್ಯೂ ಯಿನ್ ಮನೆ ಬಾಗಿಲು ತಟ್ಟಿದೆ. ಡಬ್ಬಿ ತೆರೆದು, ಬೆರಳಿಟ್ಟು ಎರಡು ಸಲ ಎಣಿಸಿದಳು. ಆಮೇಲೆ ಒಂದನ್ನೆತ್ತಿ ಮುರಿದು ಅರ್ಧ ನನ್ನ ಬಾಯಿಗಿಟ್ಟಳು. 'ತಿನ್ನೇ ಮುದ್ಕಿ, ಈಗ ಏಳೇ ಉಳೀತು. ನಿನ್ನ ದೇವ್ರಿಗೂ ಬೇಜಾರು ಬೇಡ.' ಇಬ್ಬರೂ ಅತ್ತೆವು. ಉಪ್ಪು ಹೆಚ್ಚಾಗಿದೆಯಂತೆ, ಅದನ್ನೂ ಹೇಳದೆ ಬಿಡಲಿಲ್ಲ.

ನಿನಗೂ ಅಳಿಯನಿಗೂ ಕೂಸಿಗೂ ಅಲ್ಲಾಹನ ನೆರಳಿರಲಿ.

ನಿನ್ನ ಅಮ್ಮ,
ಸಪಿಯಾ

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ: ಏಳು ತಪ್ಪಿದರೆ ಹದಿನಾಲ್ಕು, ಅದೂ ತಪ್ಪಿದರೆ ಇಪ್ಪತ್ತೊಂದು ಎಂದೆ. ಹದಿನಾಲ್ಕರಲ್ಲಿ ನಾಲ್ಕಿದೆ, ತಮ್ಮ ಭಾಷೆಯಲ್ಲಿ ಅದು ಸಾವು ಎಂದಂತೆ ಕೇಳುತ್ತದೆ ಎಂದು ನಿನ್ನ ಅತ್ತೆ ನನ್ನ ಬಾಯಿ ಮುಚ್ಚಿದಳು. ಇಪ್ಪತ್ತೊಂದು ಬೆಸವಲ್ಲವೇ ಎಂದರೆ, 'ಇರ್ಲಿ ಬಿಡೇ, ಕೂಸಿನ ಶುಭಕ್ಕೆ ಹಂಚೋ ಕೆಂಪು ಮೊಟ್ಟೆ ನಾನು ಜೋಡಿ ಜೋಡಿಯಾಗೇ ತರ್ತೀನಿ' ಅಂದಳು. ವಿಮಾನದಲ್ಲಿ ಅಕ್ಕಪಕ್ಕದ ಎರಡು ಸೀಟು ಹಿಡಿದಾಗಿದೆ. ಕೂದಲು ಮುಟ್ಟಬೇಡ, ನಾವಿಬ್ಬರೂ ಬರುತ್ತಿದ್ದೇವೆ.