ಭರತ್‌ಭಾಯಿಯ ಕಾರು ಸೋರಿದ್ದು

ಮೈದುನ ಸದಾಶಿವನಿಗೆ,

ನಿನಗೆ ನಾನು ಕಾಗದ ಬರೆದವಳಲ್ಲ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದವರಿಗೆ ಕಾಗದ ಯಾಕೆ? ಏನಿದ್ದರೂ ಮುಖ ನೋಡಿಯೇ ಹೇಳಬಹುದಿತ್ತು. ಒಂದನ್ನು ಮಾತ್ರ ಹೇಳಲಿಲ್ಲ. ನೀನು ಹೋಗಿ ಎಂಟು ತಿಂಗಳಾಯಿತು, ಈಗ ಹೇಳುತ್ತಿದ್ದೇನೆ.

ನೀನು ಮೊದಲ ಸಲ ಒಂದು ಕಾರನ್ನು ಮನೆಗೆ ತಂದ ದಿನ ನೆನಪಿದೆ. ನಲವತ್ತು ದಾಟಿದ ಗಂಡಸು, ವಡೋದರಾದ ಮಕರಪುರದ ಕಾರ್ಖಾನೆಯಲ್ಲಿ ಲೇತ್ ನಡೆಸುವವನು, ರಿಮೋಟಿನ ಕಾರನ್ನು ಮಗುವಿನಂತೆ ಎತ್ತಿಕೊಂಡು ಬಂದಿದ್ದೆ.

"ಮದುವೆ ಮಾಡಿಕೋ ಅಂದ್ರೆ ಆಟಿಕೆ ತಂದ್ಯಾ?" ಎಂದೆ.

"ಆಟಿಕೆ ಅಲ್ಲ ಅತ್ತಿಗೆ, ರೇಸಿನ ಕಾರು. ಮದುವೆ ಆದ್ರೆ ಬೈಯ್ಲಿಕ್ಕೆ ಇನ್ನೊಬ್ಳು ಬರ್ತಾಳೆ. ನೀವೊಬ್ರೇ ಸಾಲದಾ?"

ನಿನ್ನ ಅಣ್ಣ ಪೇಪರು ಅಡ್ಡ ಹಿಡಿದರು. ಪೇಪರು ಅಲುಗಾಡುತ್ತಿತ್ತು.

ಬಾಲ್ಕನಿಯಲ್ಲಿ ನೀನು ಕೆಲಸಕ್ಕೆ ಕೂತಾಗ ನಾನು ನೋಡುತ್ತಿರಲಿಲ್ಲ ಅಂದುಕೊಂಡಿದ್ದೆಯಾ? ಎಲ್ಲ ನೋಡುತ್ತಿದ್ದೆ. ಒಂದು ಕಾರಿಗೆ ನಾಲ್ಕು ಶಾಕ್, ಕುಲುಕು ತಡೆಯುವ ಕೊಳವೆಗಳು, ಒಂದೊಂದೂ ಬೆರಳಿನಷ್ಟು. ಒಳಗೆ ಎಣ್ಣೆ, ನಡುವೆ ಕಡ್ಡಿ, ಕಡ್ಡಿ ಹೊರಬರುವಲ್ಲಿ ತೊಗರಿಬೇಳೆಗಿಂತ ಚಿಕ್ಕ ರಬ್ಬರ್ ರಿಂಗು. ರಿಂಗು ಹರಿದರೆ ಎಣ್ಣೆ ಸೋರುತ್ತದೆ, ಸೋರಿದರೆ ಕಾರು ನೆಗೆದ ಕಡೆ ಮಗುಚುತ್ತದೆ. ನೀನು ಹೊಸ ರಿಂಗು ಕೂರಿಸಿ, ಎಣ್ಣೆ ತುಂಬಿ, ಗುಳ್ಳೆಗಳೆಲ್ಲ ಮೇಲೆ ಬಂದು ಒಡೆಯುವ ತನಕ ಕಡ್ಡಿಯನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತಿದ್ದೆ. ಆಮೇಲೆ ಹಳೇ ಕ್ಯಾಲೆಂಡರಿನ ಹಾಳೆಯ ಮೇಲೆ ನಾಲ್ಕನ್ನೂ ನಿಲ್ಲಿಸುತ್ತಿದ್ದೆ. ಮರುದಿನ ಹಾಳೆಯಲ್ಲಿ ಒಂದು ಚುಕ್ಕೆ ಕಂಡರೂ ಮತ್ತೆ ಬಿಚ್ಚುವುದೇ. ಸೂರತ್‌ನ ವರಾಛಾದಲ್ಲಿ ವಜ್ರ ಉಜ್ಜುವವರು, ಅಷ್ಟು ಸೂಕ್ಷ್ಮ ಕೈಯವರು, ಅವರೂ ತಮ್ಮ ಕಾರುಗಳ ಶಾಕ್‌ಗಳನ್ನು ನಿನಗೇ ಕಳಿಸುತ್ತಿದ್ದರಲ್ಲ. ನನಗೆ ಒಳಗೊಳಗೇ ಹೆಮ್ಮೆ. ಬಾಯಿಂದ ಬರುತ್ತಿದ್ದದ್ದು ಮಾತ್ರ, "ಎಣ್ಣೆ ಕೈಯಲ್ಲಿ ದೇವರ ಕೋಣೆ ಬಾಗಿಲು ಮುಟ್ಟಬೇಡ."

ಐದು ವರ್ಷದ ಹಿಂದೆ ಯುಗಾದಿಗೆ ಮನೆ ತೊಳೆಯುತ್ತಿದ್ದೆ. ಬಾಲ್ಕನಿಯ ಕಪಾಟು ಒರೆಸುವಾಗ ನಿನ್ನ ಎಣ್ಣೆಯ ಬಾಟಲಿ ಉರುಳಿ ಅರ್ಧ ಚೆಲ್ಲಿತು. ಸಿಲಿಕೋನ್ ಎಣ್ಣೆ ಎಂದರೆ ಬೇರೆಯೇ ಜಾತಿ ಎಂದು ನನಗೇನು ಗೊತ್ತು? ಅದೂ ನೀರಿನ ಹಾಗಿತ್ತು, ಊರಿನ ಗಾಣದಿಂದ ಬಂದ ತೆಂಗಿನೆಣ್ಣೆಯೂ ಆ ಸೆಕೆಗೆ ನೀರಿನ ಹಾಗೇ ಇತ್ತು. ನಮ್ಮ ಕಡೆ ಅದು ತಲೆಗೂ ಆಯಿತು, ಸುಟ್ಟ ಗಾಯಕ್ಕೂ ಆಯಿತು, ಹೊಲಿಗೆ ಮಿಷನ್ನಿಗೂ ಆಯಿತು. ನಿನ್ನ ಶಾಕಿಗೆ ಮಾತ್ರ ಆಗದೇ? ಮೊದಲಿನ ಮಟ್ಟಕ್ಕೆ ಅದನ್ನೇ ತುಂಬಿಸಿ, ಬಾಟಲಿ ಒರೆಸಿ ಇಟ್ಟೆ. ನಿನಗೆ ಹೇಳಬಹುದಿತ್ತು. ಆದರೆ ನಿನ್ನ ಸಾಮಾನು ಮುಟ್ಟಿ ಚೆಲ್ಲಿದೆ ಎಂದು ನಾನು ಒಪ್ಪಿಕೊಳ್ಳುವುದೇ? ಈ ಮನೆಯಲ್ಲಿ ತಪ್ಪು ಹಿಡಿಯುವವಳು ನಾನಾಗಿದ್ದೆ...

ಆ ವಾರ ನೆಗಡಿಯಿಂದ ನಿನ್ನ ಮೂಗು ಕಟ್ಟಿತ್ತು. ಇಲ್ಲದಿದ್ದರೆ ಬಾಟಲಿ ತೆರೆದಾಗಲೇ ತಿಳಿಯುತ್ತಿತ್ತು. ಅಹಮದಾಬಾದಿನ ಭರತ್‌ಭಾಯಿ ದೊಡ್ಡ ರೇಸಿಗೆಂದು ಶಾಕ್ ಸರಿಮಾಡಲು ಕೊಟ್ಟಿದ್ದ ಕಾರು ಆಗ ನಿನ್ನ ಬಳಿ ಇತ್ತು. ಗುರುವಾರ ನೀನು ಎಣ್ಣೆ ತುಂಬಿದೆ, ಶುಕ್ರವಾರ ಹಾಳೆಯ ಮೇಲೆ ಚುಕ್ಕೆ ಇರಲಿಲ್ಲ. ಭಾನುವಾರ ರೇಸಿನ ನಡುವೆ ನಾಲ್ಕೂ ಸೋರಿ, ಕಾರು ಮೂರು ಸಲ ಮಗುಚಿತು.

ಸೋಮವಾರ ನೀನು ಅದನ್ನು ಬಿಚ್ಚಿದ್ದು ನನ್ನ ಕಣ್ಣೆದುರೇ. ನಾನು ಬಾಗಿಲ ಬಳಿ ಸೌತೆಕಾಯಿ ಹೆಚ್ಚುತ್ತಿದ್ದೆ. ತೆಂಗಿನೆಣ್ಣೆ ಕುಡಿದು ರಿಂಗುಗಳು ಉಬ್ಬಿ, ಹರಿದು ಹೋಗಿದ್ದವು. ನೀನು ಒಂದನ್ನು ಬೆರಳಲ್ಲಿ ಹಿಸುಕಿ ಮೂಸಿದೆ. ಅಷ್ಟರಲ್ಲಿ ನೆಗಡಿ ಬಿಟ್ಟಿತ್ತಲ್ಲ. ತಲೆಯೆತ್ತಿ ನನ್ನನ್ನು ನೋಡಿದೆ. ನಾನು ಸೌತೆಕಾಯಿ ನೋಡಿದೆ.

ಆಗಲೇ ಭರತ್‌ಭಾಯಿಯ ಫೋನು ಬಂತು. ಕೈ ಎಣ್ಣೆಯಾಗಿದ್ದರಿಂದ ನೀನು ಸ್ಪೀಕರಿಗೆ ಹಾಕಿದೆ. "ಸದಾಭಾಯ್, ನಿಮ್ಮ ಕೈ ಹೋಯ್ತು ಬಿಡಿ. ಇನ್ನು ಲೇತೇ ನೋಡ್ಕೊಳ್ಳಿ," ಎಂದು ಅವರು ಹಿಂದಿಯಲ್ಲಿ ರೇಗಿದರು. ನೀನು ಏನೆಂದೆ? "ಹೌದು, ರಿಂಗು ಕೂರಿಸುವಾಗ ನನ್ನಿಂದಲೇ ತಪ್ಪಾಯ್ತು." ಅಷ್ಟೇ. ನಾನು ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆದರೆ ಆ ಫೋನಿಗೇ ಕೇಳುತ್ತಿತ್ತು.

ಆಮೇಲೆ ಅಹಮದಾಬಾದಿನಿಂದ ಒಂದು ಕಾರೂ ಬರಲಿಲ್ಲ. ಸೂರತ್‌ನವರೂ ನಿಲ್ಲಿಸಿದರು. ಒಂದು ಬೆಳಿಗ್ಗೆ ಬಾಲ್ಕನಿಯ ಕಪಾಟು ಖಾಲಿ. "ಜಾಗ ಆಯ್ತಲ್ಲ ಅತ್ತಿಗೆ, ತುಳಸಿ ಕುಂಡ ಇಡಿ," ಎಂದೆ ನೀನು. ನಾನು ಇಟ್ಟೆ ಕೂಡ. ನಾಲ್ಕು ವರ್ಷ ಅದಕ್ಕೆ ನೀರು ಹಾಕಿದೆ, ನಾಲ್ಕು ವರ್ಷ ನೀನು ಭಾನುವಾರಗಳಲ್ಲಿ ಟಿವಿ ಮುಂದೆ ಸುಮ್ಮನೆ ಕೂತೆ. ಒಮ್ಮೆಯಾದರೂ ನನ್ನ ಮೇಲೆ ರೇಗಬಾರದಿತ್ತೇ? ನೀನು ರೇಗಿದ್ದರೆ ನಾನೂ ರೇಗುತ್ತಿದ್ದೆ, ಆ ರೇಗಾಟದಲ್ಲಿ ನಿಜ ಹೊರಗೆ ಬಂದುಬಿಡುತ್ತಿತ್ತು. ಕಳೆದ ಶ್ರಾವಣದಲ್ಲಿ ಕಾರ್ಖಾನೆಯಲ್ಲೇ ನಿನ್ನ ಎದೆಬಡಿತ ನಿಂತಿತು. ಭರತ್‌ಭಾಯಿ ಬಂದು ಹಾರ ಹಾಕಿ, "ಒಳ್ಳೇ ಮನುಷ್ಯ," ಎಂದರು. ಒಳ್ಳೇ ಕೆಲಸಗಾರ ಎನ್ನಲಿಲ್ಲ. ಅದು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಮೊನ್ನೆ ಭಾನುವಾರ ಬೆಳಗಿನ ರೈಲಿಗೆ ಅಹಮದಾಬಾದಿಗೆ ಹೋದೆ. ನಿನ್ನ ಅಣ್ಣ ಜೊತೆಗೆ ಹೊರಟರು, ಬೇಡವೆಂದೆ. ರೇಸಿನ ಮೈದಾನ ಹುಡುಕಿ ಭರತ್‌ಭಾಯಿಯ ಎದುರು ನಿಂತೆ. ನನ್ನ ಗುಜರಾತಿ ತರಕಾರಿ ಚೌಕಾಸಿಗೆ ಸಾಕು, ಇದಕ್ಕೆ ಸಾಲದು. ಹಿಂದಿಯಲ್ಲಿ ಹೇಳಿದೆ: ಎಣ್ಣೆ ಚೆಲ್ಲಿದ್ದು ನಾನು, ತೆಂಗಿನೆಣ್ಣೆ ಬೆರೆಸಿದ್ದು ನಾನು, ಅದು ಗೊತ್ತಿದ್ದೂ ಅವನು ನಿಮ್ಮೆದುರು ನನ್ನ ಹೆಸರೆತ್ತಲಿಲ್ಲ. ಸೂರತ್‌ನಿಂದ ಬಂದ ಇಬ್ಬರು ಆಚೆ ತುದಿಯಲ್ಲಿದ್ದರು. ಅವರನ್ನೂ ಕರೆಸಿ, ಮೊದಲಿನಿಂದ ಇನ್ನೊಮ್ಮೆ ಹೇಳಿದೆ.

ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ, ಸದಾ. ಯಾರೂ ಬೈಯಲಿಲ್ಲ. ಭರತ್‌ಭಾಯಿ ಕುರ್ಚಿಯ ಧೂಳು ಒರೆಸಿ ನನ್ನನ್ನು ಕೂರಿಸಿದರು.

"ಭಾಭೀ," ಎಂದರು ಆಮೇಲೆ, "ಅವನಿದ್ದಾಗಲೇ ಇದನ್ನು ಹೇಳಿದ್ದರೆ ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು. ಅಷ್ಟೇ ಆಗುತ್ತಿದ್ದದ್ದು."

ನೀನೂ ನಗುತ್ತಿದ್ದೆ, ಅಲ್ಲವೇ?

ನಿನ್ನ ಅತ್ತಿಗೆ
ವಡೋದರಾ